ಹೊಳೆ ದಾಟಿದ ಹನ್ನೊಂದು ಜನ

"ಗುದ್ದಲಿ ಯಾಕ್ರೇ ಮೇಲೆತ್ತಿದ್ರಿ, ಮುಂಡೇರಾ? ಆ ಎಂಟು ಮಾರು ಜಾಗವ ನಿಮ್ಮಪ್ಪ ಬಂದು ಕೆತ್ತತಾನಾ?"

ಪಾನೈತ್ ಕುದುರೆಯ ಮೇಲೆ ಕೂತೇ ಅರಚಿದ. ಅರಚುವುದೇ ಅವನ ಕೆಲಸ. ಅದಕ್ಕೆಂದೇ ಕೊರ್ಬಿಯಾನು ಧಣಿಗಳು ಅವನಿಗೆ ಕುದುರೆ ಕೊಟ್ಟು, ಬೂಟು ಕೊಟ್ಟು, ಮೇಸ್ತ್ರಿ ಅನ್ನುವ ಹೆಸರನ್ನೂ ಕೊಟ್ಟಿದ್ದರು.

ಹೆಂಗಸರು ಮೊಣಕಾಲೆತ್ತರದ ಮೆಕ್ಕೆಜೋಳದ ನಡುವೆ ಸಾಲಾಗಿ ಕಳೆ ಕೆತ್ತುತ್ತ ಬಂದಿದ್ದರು. ಕಾಡುಪೇರು ಮರದ ಹತ್ತಿರ ಬಂದದ್ದೇ ತಡ, ಸಾಲಿಗೆ ಸಾಲೇ ಗುದ್ದಲಿಯನ್ನು ಹೆಗಲಿಗೇರಿಸಿತು. ಕಾಲಿನ ಚರ್ಮದ ಎಕ್ಕಡ ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಎಂಟು ಮಾರು ನಡೆದು, ಆಚೆ ಹೋಗಿ ಎಕ್ಕಡ ಮೆಟ್ಟಿ ಮತ್ತೆ ಕೆತ್ತತೊಡಗಿತು. ಏಳು ವರ್ಷದಿಂದ ಹೀಗೇ. ಆ ಎಂಟು ಮಾರಿನಲ್ಲಿ ಜೋಳ ಬೇರೆ ಕಡೆಗಿಂತ ಒಂದು ಗೇಣು ಹೆಚ್ಚಿಗೆ ಬೆಳೆಯುತ್ತಿತ್ತು, ಕಪ್ಪಿಗೆ ತಿರುಗಿದ ಹಸಿರು. ಅದರ ತೆನೆಯನ್ನು ಮಾತ್ರ ಲುಪೋಯಾ ಊರಿನವರು ಯಾರೂ ಮುಟ್ಟುತ್ತಿರಲಿಲ್ಲ. ಮುದ್ದೆಗೆ ಹಾಕುವುದಿರಲಿ, ಹಂದಿಗೂ ಹಾಕುತ್ತಿರಲಿಲ್ಲ.

"ಕಿವಿ ಕೇಳಕಿಲ್ವಾ, ಮುಂಡೇರಾ?"

ರುಕ್ಸಾ ಸೊಂಟಕ್ಕೆ ಕೈಕೊಟ್ಟು ತಿರುಗಿ ನಿಂತಳು. ಮೂವತ್ತೈದರ ಹೆಂಗಸು. ನಾಲಿಗೆಯೆಂದರೆ ಹೊಸದಾಗಿ ಸಾಣೆ ಹಿಡಿದ ಕುಡುಗೋಲು. "ಮುಂಡೇರು ಅಂತ ನೀನಾದ್ರೂ ಒಪ್ಕಂಡಲ್ಲ ಪಾನೈತಣ್ಣ, ನಿನ್ ಹೊಟ್ಟೆ ತಣ್ಣಗಿರ್ಲಿ. ಸರ್ಕಾರ ಇನ್ನೂ ಒಪ್ಪಿಲ್ಲ."

ಹೆಂಗಸರು ಬಗ್ಗಿಕೊಂಡೇ ನಕ್ಕರು. ಪಾನೈತನ ಮೀಸೆ ಕುಣಿಯಿತು. ಅವಳು ಹೇಳಿದ್ದು ನಿಜ.

ಏಳು ವರ್ಷದ ಹಿಂದೆ, ಮಾರ್ಚಿ ತಿಂಗಳಲ್ಲಿ, ನೆಲ ಕೊಡಿ ಅಂತ ದೇಶದ ರೈತರೆಲ್ಲ ಎದ್ದಾಗ ಲುಪೋಯಾದವರೂ ಎದ್ದರು. ಕೊರ್ಬಿಯಾನು ಧಣಿಗಳ ದೊಡ್ಡಮನೆಯ ಅಂಗಳದವರೆಗೆ ಹೋದರು, ಎರಡು ಬಣವೆ ಸುಟ್ಟರು, ಒಂದು ಗಾಜು ಒಡೆದರು. ಮೂರನೇ ದಿನ ಸೈನ್ಯ ಬಂತು. ಈ ಕಾಡುಪೇರು ಮರದ ಕೆಳಗೆ ಹನ್ನೊಂದು ಗಂಡಸರನ್ನು ನಿಲ್ಲಿಸಿ, ಗುಂಡಿ ಅವರಿಂದಲೇ ತೋಡಿಸಿ, ಗುಂಡಿಕ್ಕಿ ಕೊಂದು, ಮುಚ್ಚಿ, ಮೇಲೆ ನೇಗಿಲು ಹೊಡೆಸಿದರು. ಆಮೇಲೆ ಜಿಲ್ಲಾ ಕಚೇರಿಯಿಂದ ಒಂದು ಕಾಗದ ಹೋಯಿತು: ಲುಪೋಯಾ ಗ್ರಾಮದಲ್ಲಿ ಸಾವು ಇಲ್ಲ, ಹನ್ನೊಂದು ದಂಗೆಕೋರರು ಡ್ಯಾನ್ಯೂಬ್ ದಾಟಿ ಬಲ್ಗೇರಿಯಾಕ್ಕೆ ಪರಾರಿ. ಆಗ ಜಿಲ್ಲಾಧಿಕಾರಿಯಾಗಿದ್ದು ಅದಕ್ಕೆ ರುಜು ಹಾಕಿದವನು ಕೊರ್ಬಿಯಾನು ಮನೆಯ ಕಿರಿಮಗ ಅಲೆಕು. ಈಗ ಅವನು ರಾಜಧಾನಿ ಬುಕಾರೆಸ್ಟಿನಲ್ಲಿ ಗೃಹಮಂತ್ರಿ.

ಹೊಳೆ ದಾಟಿದವರು ಸತ್ತವರಲ್ಲ. ಸತ್ತವರಲ್ಲದ ಮೇಲೆ ಶಿಲುಬೆ ಇಲ್ಲ, ಇಗರ್ಜಿಯಲ್ಲಿ ಹೆಸರು ಓದುವುದಿಲ್ಲ. ಹೆಂಡತಿಯರು ಮುಂಡೆಯರೂ ಅಲ್ಲ, ಮುತ್ತೈದೆಯರೂ ಅಲ್ಲ. ಏಳು ವರ್ಷ ತುಂಬಿದ ಮೇಲೆ ಸತ್ತವರ ಮೂಳೆ ತೆಗೆದು, ದ್ರಾಕ್ಷಾರಸದಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿ, ಹೆಸರು ಕರೆದು ಮತ್ತೆ ಮಣ್ಣಿಗಿಡಬೇಕು. ಅದು ಆ ಸೀಮೆಯ ಪದ್ಧತಿ. ಇಡದಿದ್ದರೆ ಸತ್ತವರು ಹೊಸ್ತಿಲ ಹೊರಗೇ ನಿಂತಿರುತ್ತಾರೆ, ಮಳೆಯಲ್ಲಿ ನಿಂತ ದನದ ಹಾಗೆ. ಏಳು ವರ್ಷ ತುಂಬಿ ಎರಡು ತಿಂಗಳಾಗಿತ್ತು.

ಪಾನೈತ್ ಕುದುರೆ ತಿರುಗಿಸಿ ಸಾಲಿನ ಕೊನೆಗೆ ಬಂದ. ಅಲ್ಲಿ ಸಾಫ್ತಾ ಕೆತ್ತುತ್ತಿದ್ದಳು. ಅರವತ್ತೆರಡು ವಯಸ್ಸು, ಒಣಗಿದ ಹುಣಿಸೆ ಬರಲಿನಂಥ ಮೈ.

"ಏ ಹಾಲಿನ ಮುದುಕಿ. ಗುದ್ದಲಿ ಇಟ್ಟು ದೊಡ್ಡಮನೇಗೆ ನಡಿ. ಶನಿವಾರ ಮಂತ್ರಿ ಧಣಿ ಬತ್ತಾವ್ರೆ. ಅವರಪ್ಪಾರ ಕಂಚಿನ ಗೊಂಬೆ ನಿಲ್ಲಿಸ್ತಾರೆ ಇಗರ್ಜಿ ಮುಂದೆ. ನೀನು ರೊಟ್ಟಿ ಉಪ್ಪು ಹಿಡ್ದು ಎದುರುಗೊಳ್ಳಬೇಕಂತೆ. ಪತ್ರಿಕೇಲಿ ನಿನ್ ಮೂತಿ ಬತ್ತದೆ ಕಣಮ್ಮಿ."

"ಓಟು ಬಂತಾ ಪಾನೈತಾ?"

"ಓಟು ನಿಂಗ್ಯಾಕೆ? ನೀನೇನು ಓಟು ಹಾಕಿಯಾ?"

"ನನ್ ಎದೆ ನೆನಪಾಗೋದು ಆವಾಗ್ಲೇ ಅಲ್ವಾ, ಅದ್ಕೆ ಕೇಳ್ದೆ."

ಅಲೆಕು ಧಣಿಗೆ ಎದೆಹಾಲು ಕೊಟ್ಟು ಬೆಳೆಸಿದವಳು ಸಾಫ್ತಾ. ಹತ್ತೊಂಬತ್ತನೇ ವಯಸ್ಸಿನಲ್ಲಿ ಹೆತ್ತ ನಲವತ್ತು ದಿನಕ್ಕೆ ಅವಳನ್ನು ದೊಡ್ಡಮನೆಗೆ ಕರೆಸಿಕೊಂಡರು. ಅವಳ ಹಸುಗೂಸು ನಿಸ್ತೋರ್ ಅಜ್ಜಿಯ ಮಡಿಲಲ್ಲಿ ಜೋಳದ ಗಂಜಿ ನೆಕ್ಕಿ ಬೆಳೆಯಿತು. ನಾಲ್ಕು ವರ್ಷ ನಡೆಯಲಿಲ್ಲ. ನಡೆದಾಗ ಎರಡೂ ಕಾಲು ಬಿಲ್ಲಿನ ಹಾಗೆ ಬಾಗಿದ್ದವು. ಅವನ ಕಾಲ ಸಂದಿಯಿಂದ ನಾಯಿಮರಿಗಳು ಆಟವಾಡುತ್ತ ಓಡುತ್ತಿದ್ದವು. ಸೈನ್ಯಕ್ಕೂ ಬೇಡವಾದ ಕಾಲು. ಸೈನ್ಯ ಬಂದ ದಿನ ಊರಿನ ಗಂಡಸರು ಕಾಡಿಗೆ ಓಡಿದರು. ನಿಸ್ತೋರನಿಗೆ ಓಡಲು ಆಗಲಿಲ್ಲ.

"ಹೋಗು ಸಾಫ್ತಕ್ಕ," ಅಂದಳು ರುಕ್ಸಾ ಮೆಲ್ಲಗೆ. "ಹೋಗಿ ಕೇಳು. ನಿನ್ ಹಾಲು ಕುಡ್ದವ್ನು. ಒಂದ್ ಮಾತು ಅಂದ್ರೆ ಸಾಕು, ಸತ್ತವರೆ ಅಂತ."

* * *

ದೊಡ್ಡಮನೆಯ ನಡುಹಜಾರದ ಗೋಡೆಯಲ್ಲಿ ಒಂದು ಸರ್ಕಾರವೇ ತೂಗುಹಾಕಿತ್ತು. ಎರಡು ಸಲ ಪ್ರಧಾನಿಯಾಗಿ ತೀರಿಕೊಂಡ ದೊಡ್ಡ ಧಣಿ, ಅಲೆಕುವಿನ ಅಪ್ಪ. ಕೋರ್ಟಿನ ಅಧ್ಯಕ್ಷನಾದ ಚಿಕ್ಕಪ್ಪ. ಬ್ಯಾಂಕಿನ ಭಾವ. ಜನರಲ್ ಆದ ಬೀಗ. ಅವನು ಎದುರು ಪಕ್ಷದವನು, ಆದರೂ ಅದೇ ಗೋಡೆ, ಅದೇ ಚಿನ್ನದ ಚೌಕಟ್ಟು. ಬುಕಾರೆಸ್ಟಿನಲ್ಲಿ ಸರ್ಕಾರ ಬಿತ್ತು ಅಂತ ಸುದ್ದಿ ಬಂದಾಗಲೆಲ್ಲ ರುಕ್ಸಾ ಹೇಳುತ್ತಿದ್ದಳು: "ಬೀಳ್ಲಿ ಬುಡು. ದೊಡ್ಡಣ್ಣ ಇಳಿದ್ರೆ ಬೀಗ ಹತ್ತಾನೆ, ಬೀಗ ಇಳಿದ್ರೆ ಸೋದರಳಿಯ. ಮುದ್ದೆಕೋಲು ಬಲಕ್ಕೆ ತಿರುಗ್ಲಿ, ಎಡಕ್ಕೆ ತಿರುಗ್ಲಿ, ಮಡಕೆ ಅವರ್ದೇ."

ಸಾಫ್ತಾ ಆ ಚಿತ್ರಗಳನ್ನು ನೋಡುವ ರೀತಿಯೇ ಬೇರೆ. ಇವರಲ್ಲಿ ಅರ್ಧ ಜನದ ಮಕ್ಕಳ ಕುಂಡೆ ತೊಳೆದವಳು ಅವಳು.

"ಬೆಳ್ಳುಳ್ಳಿ ನಾತ," ಅಂದಳು ಮಂತ್ರಿಯ ತಂಗಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. "ನಾಳೆಯಿಂದ ತಿನ್ನಬೇಡ ಅಂತ ಹೇಳಿ ಇವಳಿಗೆ. ಅಣ್ಣ ಕೆನ್ನೆಗೆ ಮುತ್ತಿಡಬೇಕು."

ಪೆಟ್ಟಿಗೆಯಿಂದ ಹಳೆಯ ಕಸೂತಿ ರವಿಕೆ ತೆಗೆದರು. ಹಾಲೂಡಿಸುವ ಕಾಲಕ್ಕೆ ದೊಡ್ಡಮ್ಮಾವ್ರು ಹೊಲಿಸಿಕೊಟ್ಟಿದ್ದದ್ದು. ಆಳು ಹುಡುಗಿ ಅದನ್ನು ಸಾಫ್ತಾಳಿಗೆ ತೊಡಿಸಿದಳು. ಎದೆಯ ಭಾಗ ಖಾಲಿ ಚೀಲದಂತೆ ಜೋಲುಬಿತ್ತು. ಮಂತ್ರಿಯ ತಂಗಿ ತಲೆ ಓರೆ ಮಾಡಿ ನೋಡಿದಳು, ಕುದುರೆಯ ಹಲ್ಲು ನೋಡುವವರ ಹಾಗೆ.

"ಏನೂ ಇಲ್ಲವಲ್ಲ ಇಲ್ಲಿ. ಹತ್ತಿ ತುಂಬಿಸೇ. ಎರಡೂ ಕಡೆ. ಮಂತ್ರಿಗೆ ಹಾಲುಣಿಸಿದವಳು ಅಂದರೆ ಫೋಟೋದಲ್ಲಿ ನಂಬಬೇಕಲ್ಲ ಜನ."

ಹುಡುಗಿ ಹತ್ತಿ ತುರುಕಿದಳು. ಸಾಫ್ತಾ ಗೋಡೆಯ ಮೇಲಿನ ಸರ್ಕಾರವನ್ನೇ ನೋಡುತ್ತ ನಿಂತಳು.

ಈಗಿನ ಜಿಲ್ಲಾಧಿಕಾರಿ ಈ ತಂಗಿಯ ಗಂಡನೇ. ಕಿಟಕಿಯ ಬಳಿ ಸಿಗಾರ್ ಸೇದುತ್ತಿದ್ದ.

"ಬುದ್ಧಿ," ಅಂದಳು ಸಾಫ್ತಾ. "ನಂದೊಂದು ಬಿನ್ನಹ ಅದೆ. ಕಾಡುಪೇರು ಮರದ ತಾವ ಅಗೆಯೋಕೆ ಅಪ್ಪಣೆ ಆಗ್ಬೇಕು. ಏಳು ವರ್ಷ ತುಂಬದೆ."

"ಏನು ಹೂತಿದ್ದೀಯ ಅಲ್ಲಿ? ನಿಧಿಯೇ?"

"ನನ್ ಮಗ, ಬುದ್ಧಿ. ಇನ್ನೂ ಹತ್ತು ಜನ."

ಜಿಲ್ಲಾಧಿಕಾರಿಗೆ ಸಿಟ್ಟೇನೂ ಬರಲಿಲ್ಲ. ಅವನು ಮಗುವಿಗೆ ಹೇಳುವಂತೆ ಹೇಳಿದ: "ಅವರು ಬಲ್ಗೇರಿಯಾದಲ್ಲಿದ್ದಾರೆ, ಮುದುಕಿ. ಅಲ್ಲಿ ಮೆಣಸಿನಕಾಯಿ ಬೆಳೆದುಕೊಂಡು ಚೆನ್ನಾಗಿದ್ದಾರೆ. ಕಾಗದದಲ್ಲಿದೆ. ಆ ಕಾಗದಕ್ಕೆ ರುಜು ಹಾಕಿದವರು ಯಾರು ಗೊತ್ತೋ? ನಿನ್ನ ಅಲೆಕುವೇ. ನೀನೇ ಹಾಲು ಕೊಟ್ಟು ಸಾಕಿದವನನ್ನು ಊರ ಮುಂದೆ ಸುಳ್ಳುಗಾರ ಅನ್ನುತ್ತೀಯಾ?"

ಅವನು ಸಿಗಾರಿನ ಬೂದಿಯನ್ನು ಕಿಟಕಿಯಾಚೆ ಕೊಡವಿದ.

"ಶನಿವಾರ ನೆಟ್ಟಗೆ ನಿಲ್ಲು. ಅಳಬೇಕು ಅನ್ನಿಸಿದರೆ ಸಂತೋಷಕ್ಕೆ ಅಳು. ಆ ಹನ್ನೊಂದರ ಮಾತು ಬಾಯಿಂದ ಬಿತ್ತೋ, ಬೇಸಾಯಕ್ಕೆ ಕೊಟ್ಟಿರುವ ತುಂಡು ಹೊಲ ಮರೆತುಬಿಡು."

* * *

ಶುಕ್ರವಾರ ಬೆಳಗ್ಗೆ ಪಾದ್ರಿಯ ಮನೆಯ ಹಿತ್ತಲಲ್ಲಿ ಸಾಫ್ತಾ, ರುಕ್ಸಾ ಇಬ್ಬರೂ ನಿಂತಿದ್ದರು. ಪಾದ್ರಿ ಜೇನುಗೂಡಿನ ಮುಂದೆ ಬಗ್ಗಿದ್ದ. ಆ ಜೇನುಗೂಡೂ ದೊಡ್ಡಮನೆ ಕೊಟ್ಟಿದ್ದೇ, ಇಗರ್ಜಿಯ ಹೊಸ ಗಂಟೆಯೂ ದೊಡ್ಡಮನೆ ಕೊಟ್ಟಿದ್ದೇ.

"ಸ್ವಾಮಿ, ನಾಳೆ ಸತ್ತವರ ಶನಿವಾರ. ಊರೋರೆಲ್ಲ ಕೊಲಿವ ತರ್ತಾರೆ. ನಾವೂ ತರ್ತೀವಿ. ಹನ್ನೊಂದು ಹೆಸರು ಓದಿ."

ಕೊಲಿವ ಅಂದರೆ ಬೇಯಿಸಿದ ಗೋಧಿ. ಜೇನು, ಅಕ್ರೋಟು ಕಲಸಿ, ಮೇಲೆ ಸಕ್ಕರೆ ಹರಡಿ, ಮೇಣದಬತ್ತಿ ನೆಟ್ಟು, ಸತ್ತವರ ಹೆಸರಲ್ಲಿ ಹಂಚುವುದು. ತಿಂದವನು "ದೇವರು ಕ್ಷಮಿಸಲಿ" ಅನ್ನಬೇಕು. ಆಗ ಕೊಟ್ಟವರು ಹೆಸರು ಹೇಳುತ್ತಾರೆ. ಅಲ್ಲಿಗೆ ಅದು ಸಂದಿತು. ಬಾಯಿಗೆ ಹೋದ ಕೊಲಿವವನ್ನು ಉಗುಳುವ ಹಾಗಿಲ್ಲ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗೂ ಇಲ್ಲ.

"ಎಷ್ಟು ಸಲ ಹೇಳಬೇಕು ನಿಮಗೆ?" ಪಾದ್ರಿ ತಿರುಗದೆಯೇ ಅಂದ. "ಸಾವಿನ ದಾಖಲೆ ಇಲ್ಲ. ಬದುಕಿದವರ ಹೆಸರನ್ನು ಸತ್ತವರ ಜೊತೆ ಓದಿದರೆ ಶಾಪ ತಟ್ಟುತ್ತೆ. ನನಗೂ, ಅವರಿಗೂ."

"ಅವರ್ಗೆ ಇನ್ನೇನು ತಟ್ಟಬೇಕು ಸ್ವಾಮಿ?" ಅಂದಳು ರುಕ್ಸಾ. "ಗುಂಡು ತಟ್ಟಿತು. ನೇಗಿಲು ತಟ್ಟಿತು. ನನ್ ಗಂಡ ಬಾರ್ಬು ಮೇಲೆ ಏಳ್ ಬೆಳೆ ತೆಗ್ದವ್ರೆ."

"ನಾಲಿಗೆ ಬಿಗಿ ಹಿಡಿ ರುಕ್ಸಾ. ಪಾಪ ಕಣೇ ಇದು."

"ಹೌದು ಬುಡಿ. ಪಾಪ ನಮ್ದು, ಜೇನು ನಿಮ್ದು."

ಪಾದ್ರಿಯ ಕಿವಿ ಕೆಂಪಾಯಿತು. ಅವನು ಕೆಟ್ಟವನೇನಲ್ಲ. ಆರು ಹೆಣ್ಣುಮಕ್ಕಳ ತಂದೆ. ಮೂವರ ಮದುವೆ ದೊಡ್ಡಮನೆ ಮಾಡಿಸಿಕೊಟ್ಟಿತ್ತು. ಹೇಗಾದರೂ ಇವರು ತೊಲಗಲಿ ಅಂತ ಹೊಗೆಕುಂಡ ಬೀಸುತ್ತ ಹೇಳಿದ: "ದೊಡ್ಡಮನೆಯವರು ಆ ಕೊಲಿವ ತಿಂದ ದಿನ ಬನ್ನಿ. ಅವತ್ತು ಓದುತ್ತೀನಿ, ಹನ್ನೊಂದನ್ನೂ. ಈಗ ಹೋಗಿ, ಹುಳು ಕಡಿದಾವು."

ದಾರಿಯಲ್ಲಿ ರುಕ್ಸಾ ಬೈಯುತ್ತಲೇ ನಡೆದಳು. ಪಾದ್ರಿಯ ಗಡ್ಡದಿಂದ ಹಿಡಿದು ಅವನ ಆರನೇ ಮಗಳವರೆಗೆ ಯಾರನ್ನೂ ಬಿಡಲಿಲ್ಲ. ಸಾಫ್ತಾ ಮಾತ್ರ ಬಾವಿಯ ಹತ್ತಿರ ನಿಂತುಬಿಟ್ಟಳು.

"ರುಕ್ಸಾ. ನಾಳೆ ಅಲೆಕು ಬರೋದು ಯಾವ ವಾರ?"

"ಶನಿವಾರ ಅಲ್ವಾ."

"ಸತ್ತವರ ಶನಿವಾರ. ಬುಕಾರೆಸ್ಟಿನೋರು ಪಂಚಾಂಗ ನೋಡಿಲ್ಲ."

"ನೋಡಿದ್ರೆ ಏನಾಗ್ತಿತ್ತು?"

"ಅವರಪ್ಪನ ಗೊಂಬೆ ನಿಲ್ಲಿಸ್ತವ್ರೆ. ಆ ದಿನ ಯಾರಾದ್ರೂ ಕೊಲಿವ ಹಿಡ್ದು ಎದುರಿಗೆ ಬಂದ್ರೆ ಆ ಮನೆಯೋನು ಏನಂದ್ಕೋತಾನೆ?"

ರುಕ್ಸಾಳ ಬಾಯಿ ಅರ್ಧ ತೆರೆದುಕೊಂಡಿತು. ಆಮೇಲೆ ನಿಧಾನಕ್ಕೆ ಹೇಳಿದಳು: "ಅವರಪ್ಪಂದೇ ಅಂದ್ಕೋತಾನೆ. ಊರಾಗೆ ಬೇರೆ ಯಾರೂ ಸಾಯೋದೇ ಇಲ್ವಲ್ಲ ಅವ್ರ ಲೆಕ್ಕದಾಗೆ."

"ಗೋಧಿ ಅದಾ ನಿನ್ ತಾವ?"

"ಒಂದ್ ಹಿಡಿ. ಸಾಫ್ತಕ್ಕ, ನಿನ್ ಹೊಲ ಕಿತ್ಕೋತಾರೆ."

"ಮೂರು ಮಾರು ಕಲ್ಲು ನೆಲ. ಅದ್ನ ನಾ ಉಂಡಿದ್ದಕ್ಕಿಂತ ಅದೇ ನನ್ನ ಉಂಡಿದ್ದು ಜಾಸ್ತಿ. ಹೋಗು, ಹತ್ತೂ ಮನೇಗೆ ಹೇಳು. ಒಂದೊಂದು ಹಿಡಿ. ಎರಡು ಹಿಡಿ ಕೊಟ್ರೂ ಬ್ಯಾಡ, ಒಂದೊಂದೇ."

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆಯಿಂದ ಹನ್ನೊಂದು ಹಿಡಿ ಗೋಧಿ ಬಂತು. ಕೆಲವರು ಸೆರಗಿನಲ್ಲಿ ತಂದರು, ಕೆಲವರು ಮುಷ್ಟಿಯಲ್ಲೇ. ಒಬ್ಬಳು ಬಾಗಿಲಲ್ಲಿ ನಿಂತು ಅತ್ತಳು. ಇನ್ನೊಬ್ಬಳು, "ನಮ್ಮ ಯಜಮಾನಂಗೆ ಸಿಹಿ ಆಗ್ತಿರ್ಲಿಲ್ಲ, ಜೇನು ಕಮ್ಮಿ ಹಾಕಿ," ಅಂದಳು. ಅದಕ್ಕೆ ಎಲ್ಲರೂ ನಕ್ಕರು. ಸಾಫ್ತಾ ಗೋಧಿಯನ್ನು ಒಂಬತ್ತು ನೀರಿನಲ್ಲಿ ತೊಳೆದು ಒಲೆಗಿಟ್ಟಳು. ಗೋಧಿ ಕುದಿದು ಅರಳುವ ವಾಸನೆ ಅವಳಿಗೆ ಯಾವಾಗಲೂ ಎದೆಹಾಲಿನ ವಾಸನೆಯ ಹಾಗೆ ಬರುತ್ತಿತ್ತು. ಇವತ್ತೂ ಬಂತು.

* * *

ಶನಿವಾರ ಇಗರ್ಜಿಯ ಮುಂದೆ ಊರಿಗೆ ಊರೇ ಸೇರಿತ್ತು. ಸೇರದಿದ್ದರೆ ಪಾನೈತನ ಚಾವಟಿ ಇತ್ತು. ಬ್ಯಾಂಡಿನವರು ಬೆವರುತ್ತ ಊದುತ್ತಿದ್ದರು. ಐವತ್ತು ಮನೆಗೊಬ್ಬನಂತೆ ಓಟು ಹಾಕಲು ಆರಿಸಿದ್ದ ರೈತರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೂರು ದಿನದಿಂದ ದೊಡ್ಡಮನೆಯ ಪ್ಲಮ್ ಸಾರಾಯಿ ಕುಡಿಸಿದ್ದರು. ಅವರು ಬಿಸಿಲಲ್ಲಿ ತೂಗಾಡುತ್ತಿದ್ದರು. ಬಿಳಿ ಬಟ್ಟೆ ಹೊದ್ದ ಕಂಚಿನ ಪ್ರತಿಮೆ ನಿಂತಿತ್ತು. ಸುತ್ತಲೂ ಹೆಂಗಸರು ಹೊಸ ಮಣ್ಣಿನ ಮಡಕೆ, ಹೂವು, ಮೇಣದಬತ್ತಿ ಹಿಡಿದಿದ್ದರು. ಅದನ್ನು ಕಂಡ ಜಿಲ್ಲಾಧಿಕಾರಿ, "ಸುಂದರವಾಗಿ ಅಲಂಕಾರ ಮಾಡಿದ್ದಾರಲ್ಲ," ಅಂದ. ಅದು ಸತ್ತವರ ಶನಿವಾರದ ದಾನ ಅಂತ ಗೊತ್ತಿದ್ದ ಪಾದ್ರಿ ಗಡ್ಡ ಸವರಿಕೊಂಡ.

ಮೋಟಾರು ಕಾರು ದೂಳೆಬ್ಬಿಸಿ ನಿಂತಿತು. ಮಂತ್ರಿ ಇಳಿದ. ನಲವತ್ಮೂರರ ಎತ್ತರದ ಗಂಡಸು. ಕಾಲು ನೆಟ್ಟಗೆ, ಕಂಬದ ಹಾಗೆ. ಸಾಫ್ತಾ ಮೊದಲು ನೋಡಿದ್ದು ಆ ಕಾಲನ್ನೇ.

ಕಸೂತಿ ರವಿಕೆ ತೊಟ್ಟು, ಹತ್ತಿ ತುಂಬಿದ ಎದೆ ಹೊತ್ತು, ತಟ್ಟೆಯ ಮೇಲೆ ಕಸೂತಿ ಬಟ್ಟೆ ಮುಚ್ಚಿಕೊಂಡು ಅವಳು ಮುಂದೆ ಬಂದಳು. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿದ.

"ಇವರು ನನ್ನ ಎರಡನೇ ತಾಯಿ," ಅಂದ ಮಂತ್ರಿ ಗಟ್ಟಿಯಾಗಿ, ಜನರ ಕಡೆ ತಿರುಗಿ. "ಈ ನೆಲದ ಹಾಲು ಕುಡಿದವನು ನಾನು. ಅದನ್ನು ಬುಕಾರೆಸ್ಟಿನಲ್ಲಿ ಒಂದು ದಿನವೂ ಮರೆತಿಲ್ಲ." ಬಗ್ಗಿ ಅವಳ ಕೆನ್ನೆಗೆ ಮುತ್ತಿಟ್ಟ. ಮುಂದಿನ ಸಾಲಿನವರು ಪಾನೈತ್ ಕೈ ಎತ್ತಿದಾಗ ಚಪ್ಪಾಳೆ ತಟ್ಟಿದರು.

ಸಾಫ್ತಾ ಬಟ್ಟೆ ಸರಿಸಿದಳು.

ರೊಟ್ಟಿ ಇರಲಿಲ್ಲ, ಉಪ್ಪೂ ಇರಲಿಲ್ಲ. ಬಿಳೀ ಸಕ್ಕರೆಯ ಮೇಲೆ ಅಕ್ರೋಟಿನ ಶಿಲುಬೆ. ನಡುವೆ ಒಂದು ಮೇಣದಬತ್ತಿ ನೆಟ್ಟಿತ್ತು. ಜಿಲ್ಲಾಧಿಕಾರಿ ಒಂದು ಹೆಜ್ಜೆ ಮುಂದಿಟ್ಟ. ಆದರೆ ಮಂತ್ರಿಯ ಮುಖ ಮೆತ್ತಗಾಯಿತು. ಅವನು ಪ್ರತಿಮೆಯ ಕಡೆ ನೋಡಿದ, ಕೊಲಿವದ ಕಡೆ ನೋಡಿದ. ಕಣ್ಣು ನಿಜಕ್ಕೂ ಒದ್ದೆಯಾಯಿತು.

"ನೆನಪಿಟ್ಟುಕೊಂಡಿದ್ದೀಯಲ್ಲ ಸಾಫ್ತಮ್ಮ," ಅಂದ. "ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ."

"ತಗಾ ಕಂದ. ತಿನ್ನು."

ಅವಳೇ ಚಮಚ ಕೊಟ್ಟಳು. ಅವನು ತಿಂದ. ಒಂದು ಸಲವಲ್ಲ, ಮೂರು ಸಲ. ಶಿಲುಬೆಯ ಗುರುತು ಹಾಕಿಕೊಂಡ. ಇಡೀ ಊರು ಕೇಳುವಂತೆ, ಭಾಷಣದ ದನಿಯಲ್ಲಿ, "ದೇವರು ಕ್ಷಮಿಸಲಿ," ಅಂದ. ಮೀಸೆಗೆ ಸಕ್ಕರೆ ಮೆತ್ತಿತ್ತು.

ಸಾಫ್ತಾ ತಟ್ಟೆಯನ್ನು ಎದೆಯ ಹತ್ತಿರಕ್ಕೆ ತಂದುಕೊಂಡಳು. ಹೆಸರು ಹೇಳಿದಳು. ಅವಸರವಿಲ್ಲ, ದನಿ ಏರಿಸಲೂ ಇಲ್ಲ.

"ಓಪ್ರಿಯಾ. ಕಿರಿಚ. ದಿನು. ದೊಡ್ಡ ಫ್ಲೋರಿಯಾ. ಅವ್ನ ಮಗ ಚಿಕ್ಕ ಫ್ಲೋರಿಯಾ. ತುದೋರ್. ಮಿಟ್ರಾನ್. ಶೆರ್ಬಾನ್. ಬಾರ್ಬು. ಕುಂಟ ಪಿತ್ರು. ನಿಸ್ತೋರ್, ನನ್ ಮಗ, ನಿನ್ ಹಾಲಿನ ಅಣ್ಣ. ಇವ್ರಿಗೆ ಸಂದಿತು."

ಬ್ಯಾಂಡಿನ ವಾದ್ಯಗಳು ಒಂದೊಂದಾಗಿ ನಿಂತವು. ಕೊನೆಗೆ ದೊಡ್ಡ ಕೊಂಬೊಂದು ಮಾತ್ರ ಒಂದು ಗಳಿಗೆ ಒಂಟಿಯಾಗಿ ಗೊರಗೊರ ಅಂತು.

"ನಿಸ್ತೋರ್..." ಮಂತ್ರಿ ಅಂದ. ಅವನಿಗೆ ಏನೋ ನೆನಪಾಗಿರಬೇಕು. ಬಾಗಿದ ಕಾಲಿನ ಹುಡುಗನನ್ನು ಕುದುರೆ ಮಾಡಿಕೊಂಡು ಅಂಗಳದಲ್ಲಿ ಸವಾರಿ ಮಾಡಿದ್ದವನು ಅವನೇ. "ಅವನು ಹೊಳೆ ದಾಟಿ ಹೋದನಲ್ಲವೇ? ವರದಿಯಲ್ಲಿ..."

"ವರದಿ ಬರೆದೋನು ನೀನು ಕಂದ. ದಾಟಿದ್ನೋ ಇಲ್ವೋ ನೀನೇ ಹೇಳು."

"ಕುಡಿದಿದ್ದಾಳೆ ಈ ಮುದುಕಿ," ಅಂತ ಜಿಲ್ಲಾಧಿಕಾರಿ ಅವಳ ತೋಳು ಹಿಡಿದ. "ಪಾನೈತ್, ಎಳಕೊಂಡು ಹೋಗೋ."

"ಕೈ ತೆಗಿ ಬುದ್ಧಿ. ನಿಮ್ ಮನೆ ಹತ್ತಿ ಉದುರೀತು." ಅವಳು ಪಾದ್ರಿಯ ಕಡೆ ತಿರುಗಿದಳು. "ಸ್ವಾಮಿ, ದೊಡ್ಡಮನೆ ಕೊಲಿವ ತಿಂತು. ದೇವರು ಕ್ಷಮಿಸಲಿ ಅಂತು. ಊರೆಲ್ಲ ಕೇಳ್ತು. ಇನ್ನು ಓದಿ."

ಪಾದ್ರಿ ಮಂತ್ರಿಯ ಮುಖ ನೋಡಿದ. ಮಂತ್ರಿ ಮೀಸೆ ಒರೆಸಿಕೊಳ್ಳುತ್ತಿದ್ದ. ಎಷ್ಟು ಒರೆಸಿದರೂ ಸಕ್ಕರೆ ಅಂಟಂಟಾಗಿ ಉಳಿಯಿತು. ಅವನು ಜಿಲ್ಲಾಧಿಕಾರಿಗೆ ಫ್ರೆಂಚಿನಲ್ಲಿ ಏನೋ ಹೇಳಿದ. ಆಮೇಲೆ ಯಾರ ಕಡೆಯೂ ನೋಡದೆ, ತಂದೆಯ ಮುಸುಕನ್ನೂ ತೆಗೆಯದೆ, ಕಾರಿಗೆ ನಡೆದ.

ಪಾದ್ರಿ ಓದಲಿಲ್ಲ. ಇಗರ್ಜಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಹೋಗ್ಲಿ ಬುಡು," ಅಂದಳು ರುಕ್ಸಾ. ಇಗರ್ಜಿಯ ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡಳು. ಸಮಾರಂಭ ಮುಗಿದ ಕೂಡಲೇ ಹೊಲಕ್ಕೆ ಹೋಗಬೇಕು ಅಂತ ಪಾನೈತನೇ ಗುದ್ದಲಿ ಜೊತೆಗೆ ತರಿಸಿದ್ದ. "ನಮ್ಗೆ ಓದಾಕೆ ಬರಕಿಲ್ಲ, ಹೆಸರು ಕರೆಯಾಕೆ ಬತ್ತದೆ. ನಡೀರೇ ಮುಂಡೇರಾ."

* * *

ಕಾಡುಪೇರು ಮರದ ಕೆಳಗೆ ಅವರು ಎಕ್ಕಡ ಬಿಚ್ಚಿಟ್ಟರು. ಎತ್ತರದ ಜೋಳವನ್ನು ಬುಡಸಮೇತ ಕಿತ್ತು ಬದಿಗೆ ಹಾಕಿದರು. ಬಿಸಿಲು ನೆತ್ತಿಯ ಮೇಲಿತ್ತು. ಮೊದಲು ಬರೀ ಹೆಂಗಸರು ಅಗೆಯುತ್ತಿದ್ದರು. ಆಮೇಲೆ ಓಟಿಗೆ ಆರಿಸಿದ ರೈತರಲ್ಲಿ ಒಬ್ಬ ತೂರಾಡುತ್ತ ಬಂದ, ಅಮಲಿನಲ್ಲೇ ಒಂದು ಗುದ್ದಲಿ ಕೇಳಿ ತೆಗೆದುಕೊಂಡ. ಅವನ ತಮ್ಮ ದಿನು ಕೆಳಗಿದ್ದ.

ಮೊಳಕೈ ಆಳದಲ್ಲಿ ಸಿಕ್ಕಿತು. ರುಕ್ಸಾ ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತು, ಗುದ್ದಲಿ ಬಿಟ್ಟು, ಬೆರಳಿನಿಂದ ಮಣ್ಣು ಕೆರೆದಳು.

"ಒಂದು," ಅಂದಳು.

ಬಿಳಿ ಬಟ್ಟೆ ಹಾಸಿದರು. ದ್ರಾಕ್ಷಾರಸದ ಗಡಿಗೆ ಇಟ್ಟರು. ತೊಳೆಯಲು ಬಟ್ಟೆ ಸಾಲದು ಅಂತ ಯಾರೋ ಅಂದಾಗ ಸಾಫ್ತಾ ರವಿಕೆಯೊಳಗೆ ಕೈಹಾಕಿ ಎರಡು ಹಿಡಿ ಹತ್ತಿ ಎಳೆದು ತೆಗೆದಳು. ಅದನ್ನು ದ್ರಾಕ್ಷಾರಸದಲ್ಲಿ ಅದ್ದಿದಳು.

ಕೆಳಗಿನಿಂದ ಒಂದು ಉದ್ದನೆಯ ಮೂಳೆ ಕೈಗೆ ಬಂತು. ಯಾರದು ಅಂತ ಯಾರೂ ಕೇಳಲಿಲ್ಲ. ಮೊಣಕಾಲಿನ ಕೆಳಗಿನ ಮೂಳೆ ಅದು, ಬಿಲ್ಲಿನ ಹಾಗೆ ಬಾಗಿತ್ತು. ಸಾಫ್ತಾ ಅದನ್ನು ಮಡಿಲಲ್ಲಿ ಅಡ್ಡಲಾಗಿ ಇಟ್ಟುಕೊಂಡು ಒರೆಸಿದಳು, ಹಸುಗೂಸಿಗೆ ಎರೆದ ಮೇಲೆ ಸಂದುಗೊಂದು ಒರೆಸುವ ಹಾಗೆ.

ಬದುವಿನ ಮೇಲೆ ಗೊರಸಿನ ಸದ್ದಾಯಿತು. ಮುಂದೆ ಪಾನೈತ್, ಹಿಂದೆ ಪೊಲೀಸ್ ದಫೇದಾರ, ಅವನ ಹಿಂದೆ ಬಂದೂಕು ಹಿಡಿದ ಇಬ್ಬರು. ದಫೇದಾರ ಕುದುರೆಯಿಂದ ಇಳಿದ. ಹರೆಯದವನು, ಬೇರೆ ಸೀಮೆಯವನು. ಗುಂಡಿಯ ಕಡೆ ನೋಡದಿರಲು ಕಾಗದವನ್ನು ಮುಖದ ಮುಂದೆ ಹಿಡಿದುಕೊಂಡ.

"ನಿಲ್ಲಿಸಿ. ಇದು ಧಣಿಗಳ ಜಮೀನು. ಸರ್ಕಾರಿ ದಾಖಲೆ ಪ್ರಕಾರ ಇಲ್ಲಿ ಯಾರನ್ನೂ ಹೂತಿಲ್ಲ. ಲುಪೋಯಾ ಗ್ರಾಮದ ಹನ್ನೊಂದು ಜನ ಡ್ಯಾನ್ಯೂಬ್ ಹೊಳೆ ದಾಟಿ..."

"ಹತ್ರ ಬಾ ಮಗ," ಅಂದಳು ಸಾಫ್ತಾ.

ಅವನು ಬರಲಿಲ್ಲ. ಅವಳೇ ಎದ್ದಳು. ಖಾಲಿ ರವಿಕೆ ಎಲುಬಿನ ಮೇಲೆ ಜೋತುಬಿದ್ದಿತ್ತು. ಬಾಗಿದ ಮೂಳೆಯನ್ನು ಎರಡೂ ಕೈಯಲ್ಲಿ ಅವನ ಕಾಗದದ ಮೇಲೆ ಹಿಡಿದಳು. ಕೆಂಪು ದ್ರಾಕ್ಷಾರಸ ರುಜುವಿನ ಮೇಲೆ ತೊಟ್ಟಿಕ್ಕಿತು.

"ನೋಡ್ಕೊ. ಈ ಕಾಲು ಹುಟ್ಟಿದ ಮೇಲೆ ಊರ ಬಾವಿ ಆಚೆ ಓಡಿಲ್ಲ. ಇದರ ಹಾಲು ನಿಮ್ ಮಂತ್ರಿ ಕಾಲಿಗೆ ಹೋಯ್ತು. ಇದು ದಾಟ್ತಾ ನಿನ್ ಹೊಳೆಯಾ?"

ದಫೇದಾರ ಕಾಗದ ಮಡಿಚಲು ನೋಡಿದ. ಮೂಳೆ ಅದರ ಮೇಲಿತ್ತು. ಅವನು ಹಿಂದಕ್ಕೆ ತಿರುಗಿ ಪಾನೈತನನ್ನು ನೋಡಿದ. ಪಾನೈತ್ ಕುದುರೆಯ ಮೇಲೆ ಬಾಯಿ ತೆರೆದು ಕೂತಿದ್ದ. ಅರಚಲಿಲ್ಲ. ಬಂದೂಕಿನವರಲ್ಲಿ ಒಬ್ಬ ಮೆಲ್ಲಗೆ ಟೋಪಿ ತೆಗೆದ. ಇನ್ನೊಬ್ಬ ಬಂದೂಕಿಗೆ ಗುಂಡೇರಿಸಿದ ಸದ್ದು ಕೇಳಿಸಿತು.

ಗುದ್ದಲಿಗಳು ನಿಲ್ಲಲಿಲ್ಲ.

"ಎರಡು," ಅಂದಳು ರುಕ್ಸಾ, ಗುಂಡಿಯೊಳಗಿನಿಂದ.